ವಿಘ್ನೇಶ್ವರ ಹೆಗಡೆ ಹೆಂಡತಿಗೆ ಸೋಂದಾ ತೋರಿಸಿದ್ದು

ಶಿರಸಿಯ ವಿಘ್ನೇಶ್ವರ ಹೆಗಡೆಯದು ಬಾಡಿಗೆ ಕಾರು ಓಡಿಸುವ ಕಸುಬು. ಊರಾಚೆಯ ಪ್ರಮೋದ ತನ್ನ ಹೋಮ್‌ಸ್ಟೇಯಲ್ಲಿ ಮುರುಗಲು, ನೇರಳೆ ಹಣ್ಣುಗಳ ವೈನ್ ಮಾಡತೊಡಗಿದ ಮೇಲೆ ದೂರದ ಜನ ಬರಲಾರಂಭಿಸಿದ್ದರು. ವೈನಿನ ರುಚಿ ನೋಡಿ ಮಲಗಿ, ಹೊತ್ತೇರಿದ ಮೇಲೆ ಎದ್ದವರನ್ನು ಸಹಸ್ರಲಿಂಗ, ಸೋಂದಾ ಕೋಟೆ, ಬನವಾಸಿ ಎಂದು ಸುತ್ತಿಸಿ ತರುವುದು ವಿಘ್ನೇಶ್ವರನ ಪಾಲಿನ ಕೆಲಸ. ಅದಕ್ಕಾಗಿ ಅವನು ನಸುಕಿನಲ್ಲೇ ಎದ್ದು ಕಾರು ತೊಳೆಯಬೇಕು, ತಿರುಗಿ ಬಂದು ಮಲಗುವಾಗ ನಡುರಾತ್ರಿ. ಸೋಂದೆಯ ಅರಸರ ಕಥೆಯನ್ನು ಅವನ ಬಾಯಿ ತಾನಾಗಿ ಹೇಳಿಕೊಂಡು ಹೋಗುತ್ತಿತ್ತು. ಮನಸ್ಸು ಮಾತ್ರ ಎಲ್ಲಾದರೂ ಕಾಲು ಚಾಚಿದರೆ ಸಾಕು ಎನ್ನುತ್ತಿತ್ತು.

ಹೆಂಡತಿ ನಾಗವೇಣಿ ಮನೆಯಲ್ಲೇ ಹೊಲಿಗೆ ಮಾಡುವವಳು. ಬಂದವರಿಗೆಲ್ಲ ತೋರಿಸುವುದನ್ನು ತನಗೂ ಒಮ್ಮೆ ತೋರಿಸಿ ಎಂದು ಕೇಳಿ ಕೇಳಿ, ಕೇಳುವುದನ್ನೇ ಬಿಟ್ಟಿದ್ದಳು. ಬೇಸಿಗೆಯ ಒಂದು ಭಾನುವಾರ ಬರಬೇಕಿದ್ದವರು ಕೊನೇ ಗಳಿಗೆಯಲ್ಲಿ ಇಲ್ಲವೆಂದರು. ಕಾರು ತೊಳೆದು ನಿಲ್ಲಿಸಿಯಾಗಿತ್ತು. ಅವನೇ ಅವಳನ್ನು ಹೊರಡಿಸಿದ.

ಸಹಸ್ರಲಿಂಗದಲ್ಲಿ ಶಾಲ್ಮಲಾ ಹೊಳೆಯ ನೀರು ಇಳಿದು ಬಂಡೆಗಳ ಮೇಲಿನ ಲಿಂಗಗಳೆಲ್ಲ ಕಾಣುತ್ತಿದ್ದವು. ವಿಘ್ನೇಶ್ವರ ಎಂದಿನ ಜಾಗದಲ್ಲಿ ನಿಂತು ಎಂದಿನ ಧಾಟಿಯಲ್ಲಿ ಶುರುಮಾಡಿದ. ನಾಗವೇಣಿ ಸ್ವಲ್ಪ ಹೊತ್ತು ಕೇಳಿ, ಅವನನ್ನು ತಡೆದಳು.

"ಯಂಗೆ ಇದೆಲ್ಲ ಹೇಳದು ಬ್ಯಾಡ."

ಅವನು ಕಥೆಯನ್ನು ಅಲ್ಲಿಗೇ ಬಿಟ್ಟ. ಇಬ್ಬರೂ ನೀರು ನೋಡುತ್ತ ನಿಂತರು.

ಸೋಂದಾ ಕೋಟೆಯಲ್ಲಿ ಅವಳು ಫಿರಂಗಿಗಳನ್ನು ನೋಡಿ ಬರುತ್ತೇನೆಂದು ಹೋದಳು. ಮರದ ಬುಡದಲ್ಲಿ ಕುಳಿತಿದ್ದವನು ಹಾಗೇ ಒರಗಿದ. ಎಚ್ಚರಾದಾಗ ಹೊತ್ತು ವಾಲಿತ್ತು. ತಲೆಯಡಿ ಅವಳ ಚೀಲವಿತ್ತು. ಅವಳು ಪಕ್ಕದಲ್ಲಿ ಕುಳಿತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಎಬ್ಬಿಸಬಾರದಿತ್ತೇ ಎಂದು ಅವನು ಕೇಳಿದ್ದಕ್ಕೆ, ಕೋಟೆ ಎಂತ ಓಡಿ ಹೋಗುತ್ತದೆಯೇ ಎಂದಳು.

ಅವನಿಗೆ ಆಗ ಹೇಳಿಬಿಡಬೇಕೆನಿಸಿತು.

"ಹೋದ ವಾರ ಯಲ್ಲಾಪುರದಿಂದ ಬರಕಾದ್ರೆ ಕಣ್ಣು ಮುಚ್ಚಿ ಹೋತು. ಎಚ್ಚರಾದಾಗ ಗಾಡಿ ಗಟಾರದ ಅಂಚಿಗಿತ್ತು. ಹಿಂದಿನ ಸೀಟಲ್ಲಿ ಬಾಡಿಗೆಯವರ ಮಕ್ಕಳು ಮರಿ ಎಲ್ಲ ಮಲಗಿದ್ವು. ಯಾರಿಗೂ ಗೊತ್ತಿಲ್ಲೆ."

ನಾಗವೇಣಿ ಎದ್ದಳು. ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡಳು.

"ಬನವಾಸಿ ಇನ್ನೊಂದಿನ ನೋಡಲಕ್ಕು. ಈಗ ಮನೆಗೆ ಹೋಪನ."

ದಾರಿಯುದ್ದಕ್ಕೂ ಅವಳು ಬಾಯಿ ಮುಚ್ಚಲಿಲ್ಲ. ಯಾರದೋ ರವಿಕೆಯ ತೋಳು ಬಿಗಿಯಾದದ್ದು, ಅಕ್ಕನ ಮನೆಯ ಎಮ್ಮೆ ಕರು ಹಾಕಿದ್ದು, ಹೀಗೆ ಕಂಡದ್ದು ಕೇಳಿದ್ದೆಲ್ಲ. ಅವನಿಗೆ ತಲೆ ಸಿಡಿಯುವಂತಾದರೂ ಸುಮ್ಮನಿರೆನ್ನಲಿಲ್ಲ. ಏಕೆ ಮಾತಾಡುತ್ತಿದ್ದಾಳೆಂದು ಗೊತ್ತಿತ್ತು.

ಮರುದಿನ ಅವನು ಪ್ರಮೋದನ ಬಳಿ ಹೋಗಿ, ಇನ್ನು ಭಾನುವಾರ ತನಗೆ ಆಗುವುದಿಲ್ಲ ಎಂದ. ಜನ ಬರುವುದೇ ಭಾನುವಾರವಲ್ಲವೇ ಎಂದು ಪ್ರಮೋದ ಮುಖ ಗಂಟಿಕ್ಕಿದ. ವಿಘ್ನೇಶ್ವರ ಯಲ್ಲಾಪುರದ ರಸ್ತೆಯ ಸಂಗತಿ ಹೇಳಿದ ಮೇಲೆ ಪ್ರಮೋದ ಒಪ್ಪಿಕೊಂಡ. ಬೇರೊಬ್ಬ ಚಾಲಕನನ್ನು ಗೊತ್ತುಮಾಡಿದ. ನೋಡನೋಡುತ್ತ ಶನಿವಾರದ ಬಾಡಿಗೆಯೂ ಆ ಹೊಸಬನ ಪಾಲಾಯಿತು.

ಮನೆಯಲ್ಲುಳಿದ ಮೊದಲ ಭಾನುವಾರ ವಿಘ್ನೇಶ್ವರನಿಗೆ ಎಂದಿನಂತೆ ನಸುಕಿನಲ್ಲೇ ಎಚ್ಚರಾಯಿತು. ಎದ್ದು ಮುಖ ತೊಳೆದ ಮೇಲೆ ಇವತ್ತು ಹೋಗಬೇಕಿಲ್ಲವೆಂದು ನೆನಪಾಗಿ ಮತ್ತೆ ಬಂದು ಮಲಗಿದ. ನಿದ್ದೆ ಬರಲಿಲ್ಲ. ಬೆಳಕು ಹರಿಯುವವರೆಗೂ ಹಾಗೇ ಬಿದ್ದುಕೊಂಡಿದ್ದ.