ಬೆರಳಗಲ ಕಮ್ಮಿಯಾದ ಹಲಗೆ

ನನ್ನ ಗೆಳೆಯ ತೀರಿಕೊಂಡು ಒಂದೂವರೆ ತಿಂಗಳಾಯಿತು. ತೂಕ ಮತ್ತು ಅಳತೆ ಇಲಾಖೆಯ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಅಂಗಡಿಗಳಿಂದ ಬಂದ ತೂಕದ ಬಟ್ಟುಗಳನ್ನು ಚಿಮುಟದಿಂದ ಎತ್ತಿ ತಕ್ಕಡಿಗಿಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಹಿಂದಕ್ಕೆ ತಳ್ಳುವುದು. ಕಚೇರಿಯವರು ಅವನನ್ನು ಗುಲಗಂಜಿ ಎಂದು ಕರೆಯುತ್ತಿದ್ದರು. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಬಿಡುವವನಲ್ಲ ಎಂಬುದು ಒಂದು ಕಾರಣ. ಸಿಟ್ಟು ಬಂದರೆ ಬೋಳುತಲೆ ಪೂರಾ ಕೆಂಪಾಗುತ್ತಿತ್ತು ಎಂಬುದು ಇನ್ನೊಂದು.

ಅನುಮಾನ ಅವನ ಕಸುಬಾಗಿತ್ತು, ಕಸುಬು ಮನೆಗೂ ಬಂದಿತ್ತು. ನಾನು ಅವನ ಮನೆಯ ಬಾಗಿಲು ಬಡಿದರೆ ಒಳಗಿನಿಂದ ಕೇಳುತ್ತಿದ್ದ:

"ಯಾರು?"

"ನಾನು ಕಣೋ."

"ಎಲ್ಲರೂ 'ನಾನು' ಅಂತಲೇ ಬರ್ತಾರೆ. ಹೆಸರು ಹೇಳು."

ಮೂವತ್ತು ವರ್ಷದ ಗೆಳೆತನಕ್ಕೆ ಸಿಗುತ್ತಿದ್ದ ಮರ್ಯಾದೆ ಇದು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ನನ್ನ ಅನುಮಾನವೆಲ್ಲ ಕಾಗುಣಿತದಲ್ಲೇ ಮುಗಿದುಹೋಗುತ್ತದೆ ಎಂದು ಅವನು ಹಂಗಿಸುತ್ತಿದ್ದ.

ಒಂದು ಬೆಳಿಗ್ಗೆ ಕೆಲಸದ ಮೇಜಿನಲ್ಲಿ ಅವನ ಬಲಗೈಯಿಂದ ಚಿಮುಟ ಜಾರಿತು. ಅವನು ಕೈಯನ್ನು ಅನುಮಾನಿಸಲಿಲ್ಲ, ಚಿಮುಟವನ್ನು ಅನುಮಾನಿಸಿದ. ಅದರ ಬಿಗಿ ಸಡಿಲವಾಗಿದೆ ಎಂದು ಬೇರೆಯದನ್ನು ತೆಗೆದ. ಅದೂ ಬಿತ್ತು. ಮೂರನೆಯದನ್ನು ತರಿಸಿದ. ಅದೂ ಬಿದ್ದ ಮೇಲೆ, ಬಾಯಿ ಒಂದು ಪಕ್ಕಕ್ಕೆ ಜೋತದ್ದನ್ನು ಪಕ್ಕದ ಮೇಜಿನವನು ಕಂಡು ಕೂಗಿದ. ಇಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಪಾರ್ಶ್ವವಾಯುವಿನಲ್ಲಿ ಮುಕ್ಕಾಲು ಗಂಟೆ ಎಂದರೆ ಏನೆಂದು ಆಮೇಲೆ ಡಾಕ್ಟರುಗಳು ನಮಗೆ ವಿವರವಾಗಿ ಹೇಳಿದರು.

ಮಾತು ತಿಂಗಳಲ್ಲಿ ಮರಳಿತು, ಕಾಲು ಎರಡು ತಿಂಗಳಲ್ಲಿ. ಬಲಗೈ ಮಾತ್ರ ಮಡಿಲಲ್ಲಿ ಮಲಗಿರುತ್ತಿತ್ತು. ಆಗಲೇ ಆಸ್ಪತ್ರೆಯ ಸಂಶೋಧನಾ ವಿಭಾಗದ ಡಾಕ್ಟರಮ್ಮ ಒಬ್ಬರು ಅವನನ್ನು ಕರೆಸಿದರು. ಲಕ್ವ ಹೊಡೆದ ಕೈ ಮರಳುವುದು ಹೇಗೆ ಎಂಬುದು ಅವರ ಅಧ್ಯಯನ.

"ಒಳ್ಳೇ ಕೈ ಎಲ್ಲ ಕೆಲಸ ಮಾಡ್ತಾ ಹೋದ್ರೆ, ಮಿದುಳು ಇನ್ನೊಂದು ಕೈನ ಮರೆತೇ ಬಿಡುತ್ತೆ," ಎಂದರು ಅವರು. "ಅದಕ್ಕೇ ಅರ್ಧ ಜನಕ್ಕೆ ಒಳ್ಳೇ ಕೈಗೆ ಗವಸು ಹಾಕಿ ಸುಮ್ಮನಿರಿಸ್ತೀವಿ. ಉಳಿದ ಅರ್ಧ ಜನಕ್ಕೆ ಮಾಮೂಲಿ ವ್ಯಾಯಾಮ. ಯಾರಿಗೆ ಏನು ಅನ್ನೋದು ಲಕೋಟೆ ಒಡೆದಾಗಲೇ ಗೊತ್ತಾಗೋದು."

"ಲಕೋಟೆ ಅಂಟಿಸಿದ್ದು ಯಾರು?"

"ಬೇರೆ ಕಚೇರಿಯವರು. ಒಳಗೇನಿದೆ ಅಂತ ನಮಗೂ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ನೀವು ಹೇಳ್ತಿದ್ದೀರಿ," ಎಂದು ಗುಲಗಂಜಿ ಲಕೋಟೆಯನ್ನು ಎಡಗೈಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದ.

"ಒಳಗೆ ಕಪ್ಪು ಕಾಗದ ಸುತ್ತಿದೆ ಸಾರ್. ಕಾಣಲ್ಲ."

ಅವನು ಇನ್ನೊಂದು ಮಗ್ಗುಲು ತಿರುಗಿಸಿ ನೋಡಿ, "ಇದೊಂದನ್ನ ಚೆನ್ನಾಗಿ ಮಾಡಿದ್ದೀರಿ," ಎಂದ. ಅವನ ಬಾಯಿಂದ ಅಷ್ಟು ದೊಡ್ಡ ಹೊಗಳಿಕೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಪರೀಕ್ಷೆ ಮಾಡುವವರಿಗೆ ಯಾರು ಯಾವ ಗುಂಪು ಎಂದು ತಿಳಿಯಬಾರದು, ಗವಸನ್ನು ಹೊರಗೇ ಬಿಚ್ಚಿಟ್ಟು ಹೋಗಬೇಕು ಎಂದಾಗ ಇನ್ನೂ ಖುಷಿಯಾದ. ತೂಗುವವನಿಗೆ ಸರಕು ಯಾರದೆಂದು ಗೊತ್ತಿರಬಾರದು ಎಂಬುದು ಅವನ ಇಲಾಖೆಯಲ್ಲೂ ಇದ್ದ ಮಾತೇ.

ಲಕೋಟೆಯಲ್ಲಿ ಅವನಿಗೆ ಬಂದದ್ದು ಗವಸು. ದಿಂಬಿನ ಹಾಗೆ ದಪ್ಪ, ಬೆರಳುಗಳಿಲ್ಲ, ಮಣಿಕಟ್ಟಿನ ಹತ್ತಿರ ತಿರುಪು ಹಾಕಿ ಮುಚ್ಚಿದ ಒಂದು ಪುಟ್ಟ ಡಬ್ಬಿ. ಗವಸು ಕೈಯಲ್ಲಿದ್ದ ಹೊತ್ತನ್ನಷ್ಟೇ ಅದು ಲೆಕ್ಕ ಹಿಡಿಯುತ್ತದಂತೆ. ಎಷ್ಟಾಗಿದೆ ಎಂದು ರೋಗಿಗೂ ಕಾಣುವುದಿಲ್ಲ, ಮನೆಯವರಿಗೂ ಕಾಣುವುದಿಲ್ಲ. ದಿನಕ್ಕೆ ಆರು ಗಂಟೆಯಂತೆ ಹತ್ತು ವಾರ ಹಾಕಬೇಕು.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುವುದು. ಇಷ್ಟು ವರ್ಷ ಅವನ ಅನುಮಾನ ಸಹಿಸಿದವರು ಈಗ ಬಡ್ಡಿ ಸಮೇತ ತೀರಿಸಿಕೊಂಡರು.

"ರೀ, ಗವಸು ಬಿಚ್ಚಿದ್ರಾ?"

"ಇಲ್ಲ ಕಣೇ."

"ಮತ್ತೆ ಟೀ ಚೆಲ್ಲೇ ಇಲ್ವಲ್ಲ?"

"ಕುಡಿಯೋದು ಕಲ್ತೆ."

"ಒಂದೇ ದಿನದಲ್ಲಿ? ನಾನೇನು ಕಣ್ಣು ಕಟ್ಕೊಂಡಿದ್ದೀನಾ?"

ಅಂಗಿಯ ಮೇಲಿನ ಕಲೆಯೇ ಆ ಮನೆಯಲ್ಲಿ ಪ್ರಾಮಾಣಿಕತೆಯ ಸಾಕ್ಷಿಯಾಯಿತು. ಅಂಗಿ ಶುಚಿಯಾಗಿದ್ದರೆ ವಿಚಾರಣೆ.

ಎರಡು ವಾರಕ್ಕೊಮ್ಮೆ ಪರೀಕ್ಷೆ. ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಮರದ ಪೆಟ್ಟಿಗೆ, ನಡುವೆ ಅಡ್ಡ ಹಲಗೆ. ಒಂದು ಬದಿಯಲ್ಲಿ ಮರದ ಸಣ್ಣ ಬಿಲ್ಲೆಗಳ ರಾಶಿ. ಒಂದು ನಿಮಿಷದಲ್ಲಿ ಎಷ್ಟು ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ ಹಲಗೆ ದಾಟಿಸಿ ಆ ಬದಿಗೆ ಹಾಕುತ್ತಾನೋ ಅದೇ ಅಂಕ. ಮೊದಲ ದಿನ ಎಡಗೈ ಐವತ್ತೆಂಟು, ಬಲಗೈ ಒಂಬತ್ತು. ಅವನ ಇಲಾಖೆಯವರು ಮೊದಲೇ ಹೇಳಿದ್ದರು: ಬಲಗೈ ಮೂವತ್ತು ಮುಟ್ಟಿದರೆ ಡಾಕ್ಟರಮ್ಮ ಪತ್ರ ಕೊಡಲಿ, ಅವನು ಹಳೇ ಮೇಜಿಗೇ ಮರಳಲಿ. ಇಲ್ಲದಿದ್ದರೆ ಮನೆಗೆ. ಅವನಿಗೆ ಆ ಮೇಜು ಬಿಟ್ಟು ಬೇರೆ ಯಾವುದೂ ಬೇಕಿರಲಿಲ್ಲ.

ನಾಲ್ಕನೇ ವಾರ ಹದಿನೇಳು. ಎಂಟನೇ ವಾರ ಇಪ್ಪತ್ತನಾಲ್ಕು. ಹತ್ತನೇ ವಾರ ಮೂವತ್ತೊಂದು.

ಜೊತೆಗೆ ಬಂದಿದ್ದ ಅತ್ತಿಗೆ ಅಲ್ಲೇ ಕುರ್ಚಿಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಪತ್ರ ಗುರುವಾರ ಕೊಡುತ್ತೇವೆ ಎಂದರು ಡಾಕ್ಟರಮ್ಮ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುಲಗಂಜಿ ಎರಡು ನಿಲ್ದಾಣ ದಾಟಿದ ಮೇಲೆ ನನ್ನ ಕಡೆ ತಿರುಗಿದ.

"ಎರಡೇ ವಾರದಲ್ಲಿ ಏಳು ಜಾಸ್ತಿ. ನಂಬ್ತೀಯಾ?"

"ಯಾಕೆ ನಂಬಬಾರದು?"

"ಹಲಗೆ ಹೊಸದು. ಬಣ್ಣ ನೋಡಿದ್ಯಾ? ಮೊದಲು ಪ್ರತಿ ಸಲ ಕೈ ದಾಟಿಸುವಾಗ ಮಣಿಕಟ್ಟು ಹಲಗೆಗೆ ಉಜ್ಜುತ್ತಿತ್ತು. ಇವತ್ತು ಒಂದು ಸಲವೂ ಉಜ್ಜಲಿಲ್ಲ."

"ಕೈ ಮೇಲೇಳ್ತಿದೆ, ಅದಕ್ಕೇ."

"ಇಲ್ಲಾ, ಹಲಗೆ ಕೆಳಗಿಳಿದಿದೆ."

ಅವನು ಹೇಳುತ್ತಿರುವುದು ನಿಜವಿರಬಹುದು ಎಂದು ನನಗೆ ಆಗಲೇ ಅನಿಸಿತ್ತು. ಆದರೂ ಅವನ ಮೊಣಕೈ ಹಿಡಿದು, "ಪುಣ್ಯಾತ್ಮ, ಬಾಯಿ ಮುಚ್ಕೊಂಡಿರು. ಗುರುವಾರ ಪತ್ರ ತಗೋ, ಕೆಲಸಕ್ಕೆ ಹೋಗು," ಎಂದೆ. ಈಗ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಗುರುವಾರ ಅವನು ಪತ್ರ ಕೇಳಲಿಲ್ಲ. ಸೀದಾ ಪರೀಕ್ಷೆ ಮಾಡುವವರ ಮುಂದೆ ಹೋಗಿ ಕೂತ.

"ನನ್ನ ಎಡಗೈ ಅಳೀರಿ."

"ಅದು ಚೆನ್ನಾಗೇ ಇದೆಯಲ್ಲ ಸಾರ್?"

"ಚೆನ್ನಾಗಿದೆ ಅಂತಲೇ ಕೇಳ್ತಿರೋದು. ತಕ್ಕಡಿ ಮೇಲೆ ಅನುಮಾನ ಬಂದ್ರೆ ನಾವು ಗೊತ್ತಿರೋ ಬಟ್ಟು ಇಟ್ಟು ನೋಡ್ತೀವಿ. ನನ್ನ ಹತ್ರ ಗೊತ್ತಿರೋ ಬಟ್ಟು ಇದೊಂದೇ."

ಅಳೆದರು. ಐವತ್ತೆಂಟು ಇದ್ದ ಎಡಗೈ ಅರವತ್ತಾರು ಬಿಲ್ಲೆ ದಾಟಿಸಿತು.

"ಹತ್ತು ವಾರ ಗವಸಿನೊಳಗೆ ನಿದ್ದೆ ಹೊಡೆದ ಕೈ ಇದು," ಎಂದ ಗುಲಗಂಜಿ. ಪರೀಕ್ಷೆಯವರು ಕಿವಿ ಮುಚ್ಚಿಕೊಂಡರು, ಅವನು ಯಾವ ಗುಂಪೆಂದು ಅವರಿಗೆ ತಿಳಿಯಬಾರದಿತ್ತು. ಅವನು ಬಿಡಲಿಲ್ಲ. "ಇದಕ್ಕೆ ಯಾರೂ ಚಿಕಿತ್ಸೆ ಕೊಟ್ಟಿಲ್ಲ. ಇದು ಹೇಗೆ ಚುರುಕಾಯ್ತು, ಹೇಳಿ?"

ಡಾಕ್ಟರಮ್ಮ ಬಂದು ಅಳತೆಪಟ್ಟಿ ಹಿಡಿದರು. ಹಲಗೆ ಇರಬೇಕಾದ್ದಕ್ಕಿಂತ ಒಂದು ಬೆರಳಗಲ ಕಮ್ಮಿಯಿತ್ತು. ಹಳೆಯ ಹಲಗೆ ಸೀಳಿದ್ದರಿಂದ ಆಸ್ಪತ್ರೆಯ ಬಡಗಿ ಒಂಬತ್ತನೇ ವಾರ ಹೊಸದನ್ನು ಕೂರಿಸಿದ್ದ. ಅವನನ್ನೂ ಕರೆಸಿದರು.

"ಹಳೇ ಹಲಗೆ ಹೊರಗೆ ಕಾಣೋಷ್ಟನ್ನ ಅಳೆದು ಅಷ್ಟೇ ಕೊಯ್ದೆ ಮೇಡಂ," ಎಂದ ಬಡಗಿ. ಆಮೇಲೆ ತಾನೇ ಹಣೆ ಚಚ್ಚಿಕೊಂಡ. ಪೆಟ್ಟಿಗೆಯ ತಳದಲ್ಲಿ ಕೊರೆದ ಸಂದಿನೊಳಗೆ ಇಳಿದು ಕೂರುವ ಭಾಗವನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಧ್ಯಾಹ್ನದೊಳಗೆ ಸರಿಯಾದ ಹಲಗೆ ಬಂತು. ಎಡಗೈ ಮತ್ತೆ ಐವತ್ತೊಂಬತ್ತಕ್ಕೆ ಇಳಿಯಿತು. ಬಲಗೈ ಇಪ್ಪತ್ತೈದು.

"ಏನು ಬರೀಲಿ?" ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ಆ ಪ್ರಶ್ನೆಯಲ್ಲಿ ಕರುಣೆ ಇತ್ತು. ಅವನಿಗೆ ಅದೂ ಅನುಮಾನವೇ.

"ಬಂದಿದ್ದನ್ನ ಬರೀರಿ. ಈ ಹಲಗೆ ಮೇಲೆ ಇನ್ನೆಷ್ಟು ಜನರನ್ನ ತೂಗಿದ್ದೀರಿ?"

ಇಬ್ಬರನ್ನು. ಅವರನ್ನೂ ಮತ್ತೆ ಕರೆಸಿ ಅಳೆದರು. ಪತ್ರ ಸಿಗಲಿಲ್ಲ.

ಅತ್ತಿಗೆ ಎರಡು ದಿನ ಮಾತು ಬಿಟ್ಟರು. ನನಗೂ ಒಳಗೊಳಗೇ ಒಂದು ಹುಳ ಹೊಕ್ಕಿತು. ಕೈಜಾರಿ ಬಿದ್ದ ಬಟ್ಟು ಮತ್ತೆ ಯಾವ ಕೆಲಸಕ್ಕೂ ಬಾರದು, ಉಳಿದವನ್ನೆಲ್ಲ ತಾಳೆ ನೋಡುವ ಇಲಾಖೆಯ ಮೂಲ ಬಟ್ಟೇ ಬಿದ್ದರೆ ಏನು ಗತಿ ಎಂದು ಅವನು ಆಸ್ಪತ್ರೆಯಲ್ಲಿ ಒಮ್ಮೆ ಅಂದದ್ದು ನೆನಪಿತ್ತು. ಒಂದು ಸಂಜೆ ಅವನ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಿಯೇಬಿಟ್ಟೆ.

"ನಿಜ ಹೇಳು. ವಾಪಸು ಹೋಗೋಕೆ ಭಯವಾಗಿ ಹಲಗೆಯ ನೆಪ ಹಿಡಿದ್ಯಾ?"

ಅವನು ನನ್ನನ್ನು ದಿಟ್ಟಿಸಿ ನೋಡಿ ನಕ್ಕ. "ಅಂತೂ ಅನುಮಾನ ನಿನಗೂ ಅಂಟಿತು." ಉತ್ತರ ಮಾತ್ರ ಕೊಡಲಿಲ್ಲ.

ಅಧ್ಯಯನ ಮುಗಿದರೂ ಗವಸನ್ನು ಆರು ತಿಂಗಳು ಇಟ್ಟುಕೊಳ್ಳಬಹುದು, ದಿನಕ್ಕೆರಡು ಗಂಟೆ ಹಾಕಿದರೆ ಸಾಕು ಎಂದಿದ್ದರು. ಮುಂದಿನ ಅಳತೆಯಲ್ಲಿ ಇಪ್ಪತ್ತೆಂಟು ಬಂತು. ಮೂವತ್ತಕ್ಕೆ ಇನ್ನೆರಡು. ಅದರ ಮುಂದಿನ ಅಳತೆಗೆ ಒಂಬತ್ತು ದಿನ ಇರುವಾಗ ಎರಡನೇ ಆಘಾತವಾಯಿತು. ಈ ಸಲ ಯಾರೂ ತಡಮಾಡಲಿಲ್ಲ, ಆದರೂ ಅವನು ಉಳಿಯಲಿಲ್ಲ.

ಮೊನ್ನೆ ಡಾಕ್ಟರಮ್ಮ ಗವಸು ವಾಪಸು ಪಡೆಯಲು ಮನೆಗೆ ಬಂದರು. ಡಬ್ಬಿಯ ತಿರುಪು ಬಿಚ್ಚಿ ಒಳಗಿನ ಅಂಕಿ ಓದಿದರು, ಅಧ್ಯಯನ ಮುಗಿದ ದಿನದ ಅಂಕಿಯನ್ನು ಕಳೆದರು, ದಿನಗಳಿಂದ ಭಾಗಿಸಿದರು. ಆಮೇಲೆ ಮತ್ತೊಮ್ಮೆ ಭಾಗಿಸಿದರು.

"ಎರಡು ಗಂಟೆ ಅಂದಿದ್ದೆವು. ದಿನಕ್ಕೆ ಏಳು ಗಂಟೆ ಹಾಕಿದ್ದಾರೆ."

ನಾನು ತಲೆ ತಗ್ಗಿಸಿದೆ. ಹೋಗಲು ಹೆದರಿದವನು ದಿನಕ್ಕೆ ಏಳು ಗಂಟೆ ಆ ದಿಂಬು ಕಟ್ಟಿಕೊಂಡು ಕೂರುವುದಿಲ್ಲ. ಅತ್ತಿಗೆ ಗವಸನ್ನು ಎತ್ತಿ ಮಗ್ಗುಲು ತಿರುಗಿಸಿ ನೋಡಿದರು. ಆಮೇಲೆ, ಥೇಟು ಅವನದೇ ದನಿಯಲ್ಲಿ ಕೇಳಿದರು:

"ಆ ಡಬ್ಬಿ ಸರಿ ಇದೆ ಅಂತ ಯಾರು ನೋಡಿದ್ದಾರೆ?"

ಡಾಕ್ಟರಮ್ಮ ಡಬ್ಬಿಯನ್ನು ನನ್ನ ಕಡೆ ತಿರುಗಿಸಿದರು. ನಾನು ಅಂಕಿಯನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಗವಸನ್ನು ನನ್ನ ಎಡಗೈಗೆ ಹಾಕಿಸಿಕೊಂಡೆ. ಮೂವರೂ ಒಂದು ಗಂಟೆ ಕಾದೆವು. ಅತ್ತಿಗೆ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ನಾನು ಗವಸನ್ನು ಬಿಚ್ಚುತ್ತೇನೋ ಎಂದು ನಡುನಡುವೆ ನನ್ನ ಕೈಯನ್ನೂ ನೋಡುತ್ತಿದ್ದರು.

ಡಾಕ್ಟರಮ್ಮ ಮತ್ತೆ ಓದಿದರು. ಸರಿಯಾಗಿ ಅರವತ್ತು ನಿಮಿಷ ಕೂಡಿತ್ತು.

"ಹಾಗಾದ್ರೆ ಬಿಚ್ಚುತ್ತಿರಲಿಲ್ಲ," ಎಂದರು ಅತ್ತಿಗೆ. "ಟೀ ಕುಡಿಯೋದು ನಿಜವಾಗ್ಲೂ ಕಲ್ತಿದ್ರು." ಅಷ್ಟು ಹೇಳಿ ಎದ್ದು ಒಳಗೆ ಹೋದರು. ಗವಸು ಇನ್ನೂ ನನ್ನ ಕೈಯಲ್ಲೇ ಇತ್ತು.