ಭಾನುವಾರದ ಆಟ, ಶನಿವಾರದ ವಿಮಾನ

ಫುಟ್‌ಬಾಲ್ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆಸ್ಪತ್ರೆಯ ವಾರ್ಡಿನಲ್ಲಿ ದಿನವಿಡೀ ನಿಂತು ಮನೆಗೆ ಬಂದವಳಿಗೆ ಇಪ್ಪತ್ತೆರಡು ಮಂದಿ ಓಡುವುದನ್ನು ನೋಡಿದರೆ ಕಾಲು ಇನ್ನಷ್ಟು ನೋಯುತ್ತದೆ. ಆದರೆ ಬಹ್ರೇನಿನ ರಿಫಾದ ನಮ್ಮ ಫ್ಲ್ಯಾಟಿನಲ್ಲಿ ನನ್ನ ಮಾತು ನಡೆಯುವುದು ಅಡುಗೆಮನೆಯ ಬಾಗಿಲಿನವರೆಗೆ ಮಾತ್ರ. ಅದರಾಚೆ ಟಿವಿ, ಟಿವಿಯ ಎದುರು ಸೋಫಾ, ಸೋಫಾದ ಮೇಲೆ ನನ್ನ ಗಂಡ ಮತ್ತು ಮಗಳು. ಆಟ ಇರುವ ದಿನ ಅಲ್ಲಿ ಚಹಾ ತಂದುಕೊಡುವವಳಿಗಷ್ಟೇ ಪ್ರವೇಶ.

ಈ ಹುಚ್ಚು ಇವರಿಗೆ ಹತ್ತಿದ್ದು ಮದುವೆಗೆ ಮುಂಚೆ, ಮನಾಮಾದ ಹಳೆಯ ಪೇಟೆ ಸೂಕ್‌ನ ಹಿಂದಿನ ಗಲ್ಲಿಯಲ್ಲಿ ಬ್ಯಾಚುಲರ್ ರೂಮಿನಲ್ಲಿದ್ದಾಗ. ಜೊತೆಗಿದ್ದ ಗೋವಾದವನು ಲಿಸ್ಬನ್ನಿನ ಒಂದು ತಂಡಕ್ಕೆ ಪ್ರಾಣ ಬಿಡುತ್ತಿದ್ದನಂತೆ. ಅವನು ಊರಿಗೆ ವಾಪಸಾದ, ತಂಡ ಇವರ ತಲೆಯಲ್ಲಿ ಉಳಿಯಿತು. ಮಗಳು ಹುಟ್ಟಿದ ಮೇಲೆ ಅದು ಇಬ್ಬರ ಆಸ್ತಿಯಾಯಿತು. ನಮ್ಮ ಮನೆಮಾತು ಕೊಂಕಣಿ. ಇಲ್ಲಿಯೇ ಹುಟ್ಟಿ ಬೆಳೆದ ಮಗಳು ನಾವು ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಆಟ ಶುರುವಾದರೆ ಮಾತ್ರ ಬಾಯಿಗೆ ಕೊಂಕಣಿ ಬರುತ್ತದೆ. ರೆಫ್ರಿಗೆ ಬೈಯಲು ಇಂಗ್ಲಿಷ್ ಸಾಲುವುದಿಲ್ಲವಂತೆ. ಅಪ್ಪನಿಗೆ ಮಗಳು ಕೈಗೆ ಸಿಗುತ್ತಿದ್ದುದು ಆ ತೊಂಬತ್ತು ನಿಮಿಷ ಮಾತ್ರ ಎಂದರೆ ತಪ್ಪಾಗಲಾರದು.

ಅವಳಿಗೆ ಎಂಟು ವರ್ಷವಿದ್ದಾಗ ಇವರು ಒಂದು ಮಾತು ಕೊಟ್ಟಿದ್ದರು: ಹನ್ನೆರಡನೇ ಕ್ಲಾಸ್ ಮುಗಿಸು, ಲಿಸ್ಬನ್ನಿನ ಆ ಮೈದಾನದಲ್ಲಿ ನಾವಿಬ್ಬರೂ ಪಕ್ಕದಲ್ಲಿ ಕೂತು ಆಟ ನೋಡುವಾ ಎಂದು. ಕಳೆದ ಮಾರ್ಚಿನಲ್ಲಿ ಪರೀಕ್ಷೆ ಮುಗಿಯಿತು. ಜೂನಿನಲ್ಲಿ ಅವಳು ಮಂಗಳೂರಿಗೆ, ಫಿಸಿಯೋಥೆರಪಿ ಕಲಿಯಲು, ಹಾಸ್ಟೆಲಿಗೆ. ಅಂದರೆ ಉಳಿದಿದ್ದು ಏಪ್ರಿಲ್ ಮತ್ತು ಮೇ. ಇವರು ಬಾಯಿಬಿಟ್ಟು ಹೇಳುವ ಜಾತಿಯಲ್ಲ. ಆದರೆ ಸಂಜೆ ಹಿದ್ದ್ ಎಂಬಲ್ಲಿನ ಗೋದಾಮಿನ ಕೆಲಸದಿಂದ ಬಂದು ಬೂಟು ಬಿಚ್ಚುವಾಗ ಸೋಫಾದ ಕಡೆ ನೋಡುವುದನ್ನು ನಾನು ಕಂಡಿದ್ದೆ.

ಏಪ್ರಿಲ್ ಕೊನೆಯಲ್ಲಿ ಹೋಗುವುದೆಂದು ನಿಶ್ಚಯವಾಯಿತು. ಮಗಳಿಗೆ ಗುಟ್ಟು. ಅವಳಿಗೆ ಹೇಳಿದ್ದು, ಮಮ್ಮಿಗೆ ಒಂದು ಹರಕೆ ಉಂಟು, ಲಿಸ್ಬನ್ ನೋಡಿಕೊಂಡು ಬರುವಾ ಎಂದಷ್ಟೆ. ಹರಕೆ ಸುಳ್ಳಲ್ಲ. ಬಾಲ ಯೇಸುವನ್ನು ಎತ್ತಿಕೊಂಡು ನಿಂತಿರುವ, ಕಳೆದುಹೋದದ್ದನ್ನೆಲ್ಲ ಹುಡುಕಿಕೊಡುವ ಸಂತನ ಪಟ ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಇದ್ದೇ ಇರುತ್ತದೆ. ಆತ ಹುಟ್ಟಿದ್ದು ಲಿಸ್ಬನ್ನಿನಲ್ಲಿ. ಹುಟ್ಟಿದ ಜಾಗದಲ್ಲೇ ಚರ್ಚು, ನಮ್ಮ ಮಾತಿನಲ್ಲಿ ಇಗರ್ಜಿ, ಇದೆ. ಹೀಗೆ ಸಂತ ನನಗೆ, ಆಟ ಅವರಿಬ್ಬರಿಗೆ, ನಡುವೆ ಊರು ಮೂವರಿಗೂ.

ಆಟದ ಟಿಕೆಟನ್ನು ಇವರು ತಿಂಗಳುಗಟ್ಟಲೆ ಮುಂಚೆಯೇ ತೆಗೆದಿದ್ದರು, ಎರಡು. ಅದರ ಮೇಲೆ ಶನಿವಾರ ಅಥವಾ ಭಾನುವಾರ, ದಿನವನ್ನು ಆಮೇಲೆ ತಿಳಿಸಲಾಗುವುದು ಎಂದು ಬರೆದಿತ್ತಂತೆ. ಇವರು ಶನಿವಾರವೇ ಎಂದು ತೀರ್ಮಾನಿಸಿಬಿಟ್ಟರು. ಸಂಜೆ ಆಟ, ಅಲ್ಲಿಂದ ನೇರ ವಿಮಾನ ನಿಲ್ದಾಣ, ಭಾನುವಾರ ಮಧ್ಯಾಹ್ನ ಹಿದ್ದಿನಲ್ಲಿ ಡ್ಯೂಟಿ. ನನಗೂ ಲೆಕ್ಕ ಸರಿಯೆನಿಸಿತು. ಹೊರಡುವ ಮುಂಚೆ ಮಗಳು ಒಂದೇ ಒಂದು ಸಲ, ಸೋಮವಾರ ವಾಪಸು ಬಂದರೆ ಆಗುವುದಿಲ್ಲವಾ ಎಂದು ಕೇಳಿದಳು. ಅಪ್ಪನಿಗೆ ಕೆಲಸ ಉಂಟು ಎಂದೆ. ಮುಖ ಗಂಟು ಹಾಕಿಕೊಂಡು ರೂಮಿಗೆ ಹೋದಳು. ರಜೆಯ ಆಸೆ ಎಂದುಕೊಂಡು ಸುಮ್ಮನಾದೆವು.

ಲಿಸ್ಬನ್ ನನಗೆ ಮೊದಲ ನೋಟಕ್ಕೇ ಹಿಡಿಸಿತು. ಕೆಂಪು ಹೆಂಚಿನ ಮಾಡುಗಳು ಒಂದರ ಮೇಲೊಂದು ಹತ್ತಿಕೊಂಡು ಹೋಗುತ್ತವೆ. ಬಹ್ರೇನಿನ ಚಪ್ಪಟೆ ತಾರಸಿಗಳನ್ನೇ ನೋಡಿ ಬೇಸತ್ತ ಕಣ್ಣಿಗೆ ಹೆಂಚು ಕಂಡರೆ ಸಾಕು. ಗೋಡೆಗಳಿಗೆ ನೀಲಿ ಹೂವಿನ ಟೈಲ್ಸು, ಬೀದಿಯ ನಡುವೆ ಹಳದಿ ಟ್ರಾಮು. ಏರು ಮಾತ್ರ ಕೇಳಬೇಡಿ. ಎಲ್ಲಿಗೆ ಹೋಗಬೇಕಾದರೂ ಹತ್ತಬೇಕು, ಹತ್ತಿದ ಮೇಲೆ ಇಳಿಯಬೇಕು. ಇವರ ಹೊಟ್ಟೆ ಮುಂದೆ, ಉಸಿರು ಹಿಂದೆ. ಮಧ್ಯಾಹ್ನ ಬೂತಾಯಿ ಸುಟ್ಟು ಕೊಡುವ ಹೋಟೆಲು ಸಿಕ್ಕಿತು. ನಮ್ಮ ಬೂತಾಯಿಯೇ, ಆದರೆ ಉಪ್ಪು ಬಿಟ್ಟು ಬೇರೇನೂ ಹಚ್ಚಿರಲಿಲ್ಲ. ಪಾಪದ ಮೀನು ಎಂದು ಇವರು ಮರುಗಿದರು, ಮರುಗುತ್ತಲೇ ಎಂಟು ತಿಂದರು.

ಮಗಳು ಮಾತ್ರ ನಾಲ್ಕು ದಿನವೂ ಬಾಡಿದ ಮುಖ ಹೊತ್ತುಕೊಂಡೇ ತಿರುಗಿದಳು. ಫೋಟೋಗೆ ಕರೆದರೆ ಬೆನ್ನು. ಅಪ್ಪ ಮಾತಾಡಿಸಿದರೆ ಹ್ಞೂಂ, ಊಹ್ಞೂಂ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಇವರು ಒಳಗೊಳಗೇ ನಗುತ್ತಿದ್ದರು. ಜೇಬಿನಲ್ಲಿದ್ದ ಲಕೋಟೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಇಗರ್ಜಿಗೆ ಹೋದದ್ದು ಶುಕ್ರವಾರ ಬೆಳಿಗ್ಗೆ. ನಾನೇ ಆ ದಿನ ಇಟ್ಟಿದ್ದು. ಒಳ್ಳೆ ಬಲಿಪೂಜೆ ಸಿಗುತ್ತದೆ, ಜನ ಸೇರಿರುತ್ತಾರೆ ಎಂದು ಸೀರೆಯುಟ್ಟು ಹೋದರೆ ಒಳಗೆ ಮೂವರು ಮುದುಕಿಯರು, ಒಬ್ಬ ಹೂದಾನಿ ತೊಳೆಯುವವನು. ಪಾದ್ರಿಯ ಸುಳಿವಿಲ್ಲ. ಆಗ ನನಗೆ ಹೊಳೆಯಿತು. ಬಹ್ರೇನಿನಲ್ಲಿ ರಜೆ ಶುಕ್ರವಾರವಾದ್ದರಿಂದ ಶುಕ್ರವಾರದ ಪೂಜೆಯೇ ನಮಗೆ ಭಾನುವಾರದ ಪೂಜೆ. ಇಪ್ಪತ್ತು ವರ್ಷಗಳಿಂದ ಹಾಗೇ ನಡೆದಿದೆ. ಉಳಿದ ಲೋಕಕ್ಕೆ ಭಾನುವಾರವೇ ಭಾನುವಾರ ಎಂಬುದು ನನಗೆ ಮರೆತೇಹೋಗಿತ್ತು. ನನ್ನ ಪೆದ್ದುತನಕ್ಕೆ ನಾನೇ ನಕ್ಕು, ನೆಲಮಾಳಿಗೆಯಲ್ಲಿ ಸಂತ ಹುಟ್ಟಿದ ಜಾಗದಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿ ಹೊರಗೆ ಬಂದೆ.

ಮೆಟ್ಟಿಲ ಮೇಲೆ ಇವರು ಮಗಳನ್ನು ಕೂರಿಸಿಕೊಂಡಿದ್ದರು. ಇನ್ನು ತಡೆಯಲಾಗಲಿಲ್ಲವೇನೋ, ಲಕೋಟೆ ಬಿಚ್ಚಿ ಅವಳ ಮಡಿಲಲ್ಲಿಟ್ಟರು. ನಾಳೆ ಸಂಜೆ ನಾವಿಬ್ಬರೂ ಹೋಗುವುದು ಎಂದರು. ಅವಳು ಟಿಕೆಟನ್ನು ತಿರುಗಿಸಿ ನೋಡಿದಳು. ಕುಣಿಯುತ್ತಾಳೆ ಎಂದು ನಾವಿಬ್ಬರೂ ಕಾಯುತ್ತಿದ್ದೆವು.

"ಪಪ್ಪಾ, ಮ್ಯಾಚ್ ಸಂಡೇ," ಎಂದಳು. "ನಮ್ಮ ಫ್ಲೈಟ್ ಸಾಟರ್ಡೇ."

"ಸಂಡೇ ಯಾರು ಆಡ್ತಾರೆ? ಕೆಲಸದ ದಿನ ಅಲ್ವಾ?" ಎಂದರು ಇವರು. ಹೇಳಿ ಮುಗಿಯುವಷ್ಟರಲ್ಲಿ ಅವರ ಕಿವಿಗೆ ಅವರದೇ ಮಾತು ಬಿದ್ದಿತು.

ಭಾನುವಾರ ಸಂಜೆ ಟಿವಿಯಲ್ಲಿ ನೂರು ಆಟ ನೋಡಿದ ಮನುಷ್ಯ. ಆದರೆ ರಜೆಯ ಲೆಕ್ಕ ಹಾಕಲು ಕೂತಾಗ ತಲೆಯೊಳಗೆ ಇದ್ದದ್ದು ಬಹ್ರೇನಿನ ಕ್ಯಾಲೆಂಡರು. ಶುಕ್ರವಾರ, ಶನಿವಾರ ಕೆಂಪು, ಭಾನುವಾರ ಕಪ್ಪು. ದಿನ ತಿಳಿಸಿದ ಇಮೇಲನ್ನು ತೆರೆದೇ ಇರಲಿಲ್ಲ. ನಾನು ಬೈಯಲು ಬಾಯಿ ತೆರೆದವಳು, ಐದು ನಿಮಿಷದ ಹಿಂದೆ ಅದೇ ತಪ್ಪು ಮಾಡಿದ್ದು ನೆನಪಾಗಿ ಮುಚ್ಚಿಕೊಂಡೆ.

ಒಂದು ದಿನ ಜಾಸ್ತಿ ಕೇಳಿ, ಫೋನ್ ಮಾಡಿ ಎಂದು ಮಗಳು ಹಟ ಹಿಡಿದಳು. ಗೋದಾಮಿನಲ್ಲಿ ಇವರ ಜಾಗ ನೋಡಿಕೊಳ್ಳುತ್ತಿದ್ದವನು ಕೇರಳದವನು. ಇವರು ಬಂದು ಸಹಿ ಹಾಕದೆ ಅವನಿಗೆ ಬಿಡುಗಡೆಯಿಲ್ಲ. ಒಬ್ಬ ಬಂದರೇ ಇನ್ನೊಬ್ಬ ಊರಿಗೆ ಹೋಗುವುದು, ಗಲ್ಫಿನಲ್ಲಿ ನಮ್ಮ ರಜೆಗಳೆಲ್ಲ ಹೀಗೇ. ಅವನ ವಿಮಾನ ಭಾನುವಾರ ಸಂಜೆ. ಮರುದಿನ ಅವನ ಮಗಳ ನಿಶ್ಚಿತಾರ್ಥ. ಕೇಳಿದ್ದರೆ ಅವನು ಒಲ್ಲೆ ಎನ್ನುತ್ತಿರಲಿಲ್ಲ, ಇವರ ಮೇಲೆ ಅಷ್ಟು ಗೌರವ. ಅದಕ್ಕೇ ಇವರು ಕೇಳಲಿಲ್ಲ. ಫೋನನ್ನು ಕೈಗೆ ತೆಗೆದುಕೊಂಡವರು ಮತ್ತೆ ಜೇಬಿಗೆ ಹಾಕಿದರು.

"ಅವನಿಗೂ ಮಗಳು ಉಂಟು," ಎಂದರು.

ನಮ್ಮ ಮಗಳು ಎದ್ದು ಏರು ಹತ್ತಿ ಹೊರಟೇಬಿಟ್ಟಳು. ಇವರು ಹಿಂದಿನಿಂದ ಏದುಸಿರು ಬಿಡುತ್ತ, ನಿಲ್ಲು ನಿಲ್ಲು ಎನ್ನುತ್ತ ಹತ್ತಿದರು. ಆ ಬೆನ್ನು ನೋಡಿ ನನಗೆ ಕೋಪವೂ ಬಂತು, ಅಳುವೂ ಬಂತು. ಹತ್ತು ವರ್ಷ ಕಾದ ಮನುಷ್ಯ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ವಾರ್ಡಿನ ಗೆಳತಿಗೆ ಫೋನ್ ಮಾಡಿದೆ. ಎರಡು ದಿನ ನನ್ನ ಡ್ಯೂಟಿ ನೀನು ಮಾಡು, ಬದಲಿಗೆ ಎರಡು ತಿಂಗಳ ನಿನ್ನ ಶುಕ್ರವಾರಗಳನ್ನೆಲ್ಲ ನಾನು ಮಾಡುತ್ತೇನೆ ಎಂದೆ. ನಮ್ಮಲ್ಲಿ ಶುಕ್ರವಾರ ಬಿಟ್ಟುಕೊಡುವವರು ಯಾರೂ ಇಲ್ಲ. ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಸಂಜೆ ಇವರಿಗೆ ಹೇಳಿದೆ, ನೀವು ಹೋಗಿ, ನಾನು ಅವಳ ಜೊತೆ ನಿಲ್ಲುತ್ತೇನೆ ಎಂದು. ವೀಸಾದಲ್ಲಿ ದಿನಗಳಿದ್ದವು, ನಮ್ಮಿಬ್ಬರ ವಿಮಾನವನ್ನು ಸೋಮವಾರಕ್ಕೆ ಬದಲಿಸಿದರಾಯಿತು. ಇವರು ನನ್ನನ್ನು ಹೊಸಬಳ ಹಾಗೆ ನೋಡಿದರು.

"ನಿನಗೆ ಆಫ್‌ಸೈಡ್ ಅಂದ್ರೆ ಎಂತ ಅಂತ ಗೊತ್ತುಂಟಾ?"

"ಗೊತ್ತಿಲ್ಲ. ಗೇಟಿನಲ್ಲಿ ಕೇಳ್ತಾರಾ?"

ಶನಿವಾರ ಬೆಟ್ಟದ ಮೇಲಿನ ಕೋಟೆ ನೋಡುವುದೆಂದಿತ್ತು. ಅದನ್ನು ಬಿಟ್ಟು ಮೂವರೂ ಮೆಟ್ರೋದಲ್ಲಿ ಮೈದಾನಕ್ಕೆ ಹೋದೆವು. ಮರುದಿನ ಆಟವಿದ್ದುದರಿಂದ ಒಳಗೆ ಬಿಡಲಿಲ್ಲ. ಇವರು ಹೊರಗಿನಿಂದಲೇ ಒಂದು ಸುತ್ತು ಹಾಕಿದರು. ನಮ್ಮ ಗೇಟು ಹುಡುಕಿದರು. ಇಲ್ಲಿಂದ ಒಳಗೆ, ಎಡಕ್ಕೆ ಮೆಟ್ಟಿಲು, ಆಟ ಮುಗಿದ ಕೂಡಲೇ ಹೊರಡಬೇಡಿ, ನೂಕುನುಗ್ಗಲು ಇರುತ್ತದೆ, ಅವಳ ಕೈ ಬಿಡಬೇಡ ಎಂದೆಲ್ಲ ನನಗೆ ಹೇಳಿಕೊಟ್ಟರು. ಹದಿನೆಂಟು ವರ್ಷದ ಹುಡುಗಿಯ ಕೈ. ಗೋಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಮಗಳು ದೂರದಲ್ಲಿ ನಿಂತು ನೋಡುತ್ತಿದ್ದಳು, ಹತ್ತಿರ ಬರಲಿಲ್ಲ.

ವಿಮಾನ ನಿಲ್ದಾಣದಲ್ಲಿಯೂ ಅವಳು ಹೆಚ್ಚು ಮಾತಾಡಲಿಲ್ಲ. ತಲುಪಿದ ಮೇಲೆ ಮೆಸೇಜ್ ಮಾಡಬೇಕಂತೆ, ಅಷ್ಟೆ. ವಾಪಸು ಮೆಟ್ರೋದಲ್ಲಿ ಕೂತ ಮೇಲೆ ನನ್ನ ಭುಜಕ್ಕೆ ತಲೆಯಿಟ್ಟು ಅಳತೊಡಗಿದಳು. ಇಲ್ಲಿಯವರೆಗೆ ಬಂದು ಆಟದ ಹಿಂದಿನ ದಿನವೇ ಹೊರಡುತ್ತಿದ್ದೇವೆ, ಕೊಟ್ಟ ಮಾತು ಅಪ್ಪನಿಗೆ ನೆನಪೇ ಇಲ್ಲ ಎಂದು ಅವಳು ನಂಬಿದ್ದಳು. ನೆನಪಿಸಲು ಅಭಿಮಾನ ಬಿಡಲಿಲ್ಲ.

"ನಾಲ್ಕು ದಿನ ಮುಖ ಕೊಟ್ಟು ಮಾತಾಡ್ಲಿಲ್ಲ ಮಮ್ಮಿ ನಾನು," ಎಂದಳು, ಕೊಂಕಣಿಯಲ್ಲಿ.

ಅವಳ ಬೆನ್ನು ಸವರುತ್ತ ಕೂತೆ, ಇಳಿಯುವ ಸ್ಟೇಷನ್ ದಾಟಿಹೋಯಿತು.

ಭಾನುವಾರ ಸಂಜೆ ನಮ್ಮ ಸೀಟಿನಲ್ಲಿ ಕೂತು ಸುತ್ತ ನೋಡಿದೆ. ಅಷ್ಟು ಜನರನ್ನು ನಾನು ಒಂದೇ ಕಡೆ ನೋಡಿರಲಿಲ್ಲ. ಹುಲ್ಲು ಟಿವಿಯಲ್ಲಿ ಕಾಣುವುದಕ್ಕಿಂತ ಹಸಿರು. ಮಗಳು ಬಾಯಿ ತೆರೆದುಕೊಂಡು ಕೂತಿದ್ದಳು. ಆಟಕ್ಕೆ ಐದು ನಿಮಿಷವಿದ್ದಾಗ ಇವರ ವಿಡಿಯೋ ಕಾಲ್ ಬಂತು. ಮಗಳ ಇಯರ್‌ಫೋನಿನಲ್ಲಿ ಒಂದು ಅವಳ ಕಿವಿಗೆ, ಒಂದು ನನ್ನ ಕಿವಿಗೆ ಹಾಕಿಕೊಂಡೆವು. ಇವರು ಕೇರಳದವನನ್ನು ಕಳಿಸಿ ಆಗಷ್ಟೇ ಮನೆಗೆ ಬಂದಿದ್ದರು, ಗೋದಾಮಿನ ಅಂಗಿಯಲ್ಲೇ ಸೋಫಾದ ಮೇಲೆ ಕೂತಿದ್ದರು. ಎದುರಿನ ಟಿವಿಯ ಸದ್ದು ನನಗೂ ಕೇಳುತ್ತಿತ್ತು. ನಾನು ಫೋನಿನ ಕ್ಯಾಮೆರಾವನ್ನು ಮೈದಾನದ ಕಡೆ ಹಿಡಿದೆ.

"ಅದು ಬೇಡ ಮಾರಾಯ್ತಿ. ಆಟ ನನಗೆ ಟಿವಿಯಲ್ಲಿ ಕಾಣ್ತದೆ. ನೀನು ಅವಳನ್ನು ತೋರಿಸು."

ಹಾಗೇ ಹಿಡಿದೆ. ಸಲೈನ್ ಬಾಟಲಿ ಎತ್ತಿಹಿಡಿದು ನಿಲ್ಲುವುದು ಅಭ್ಯಾಸವಾದ ಕೈ, ಆದರೂ ಸೋತುಹೋಯಿತು. ಎರಡು ಸಲ ಸಂಪರ್ಕ ತಪ್ಪಿತು, ಎರಡು ಸಲವೂ ಇವರೇ ಮತ್ತೆ ಮಾಡಿದರು. ಮೊದಲು ನಾಚಿಕೊಂಡ ಮಗಳು ಹತ್ತು ನಿಮಿಷದಲ್ಲಿ ಮನೆಯ ಸೋಫಾದಲ್ಲಿ ಕೂತವಳಂತೆ ಕೊಂಕಣಿಯಲ್ಲಿ ಶುರುಮಾಡಿದಳು. ರೆಫ್ರಿಯ ಮೂರು ತಲೆಮಾರನ್ನು ಇಬ್ಬರೂ ಸೇರಿ ಬೈದರು. ನಡುವೆ ಅವಳು ನನಗೆ ಆಫ್‌ಸೈಡ್ ವಿವರಿಸಿದಳು. ನನಗೆ ಈಗಲೂ ಅರ್ಥವಾಗಿಲ್ಲ, ಆದರೆ ಅವಳು ನನ್ನ ಮಂಡಿಯ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸಿದ್ದು ಹಿತವಾಗಿತ್ತು.

ದ್ವಿತೀಯಾರ್ಧದ ಕೊನೆಯ ಹೊತ್ತಿಗೆ ನಮ್ಮ ಎದುರಿನ ಬಲೆಯೊಳಗೆ ಚೆಂಡು ಹೋಯಿತು. ಇಡೀ ಮೈದಾನ ಎದ್ದು ನಿಂತಿತು. ಮಗಳು ಪಪ್ಪಾ, ಪಪ್ಪಾ ಎಂದು ಫೋನಿನ ಕಡೆಗೇ ಕೂಗಿದಳು, ಕೆನ್ನೆಯ ಮೇಲೆ ಕಣ್ಣೀರು ಸುರಿಯುತ್ತಿತ್ತು. ಪರದೆಯಲ್ಲಿ ಇವರು ಎರಡೂ ಕೈ ಎತ್ತಿಕೊಂಡು ಸೋಫಾದಿಂದ ಎದ್ದಿದ್ದರು, ಅವರೂ ಅಳುತ್ತಿದ್ದರು. ಇವರ ಟಿವಿಯಲ್ಲಿ ಗೋಲು ಇನ್ನೂ ಆಗಿರಲಿಲ್ಲ. ಅಲ್ಲಿಗೆ ಆಟ ಸ್ವಲ್ಪ ತಡವಾಗಿ ತಲುಪುತ್ತದೆ. ವಿವರಣೆಗಾರ ತಣ್ಣಗೆ ಯಾರೋ ಚೆಂಡು ದಾಟಿಸಿದ್ದನ್ನು ಹೇಳುತ್ತಿದ್ದ. ಕೆಲವು ಕ್ಷಣಗಳ ಮೇಲೆ ಆ ಟಿವಿ ಹುಚ್ಚೆದ್ದು ಕೂಗಿದ್ದು ನನ್ನ ಕಿವಿಯಲ್ಲಿ ಕೇಳಿತು. ಇವರು ಫೋನಿನಿಂದ ಕಣ್ಣೆತ್ತಿ ಅದನ್ನು ನೋಡಲೇ ಇಲ್ಲ.