ಹೆಳವನ ಪುಸ್ತಕದಲ್ಲಿ ಇಲ್ಲದಾಕೆ

ಐನಾಪುರದ ಬಾಳೇಶನ ಮನೆಗೆ ಹೆಳವ ಬರುವುದು ಮೂರು ವರ್ಷಕ್ಕೊಮ್ಮೆ. ಮನೆತನದ ಹಿರಿಯರ ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಅಣ್ಣತಮ್ಮಂದಿರ ಮನೆಯವರನ್ನೆಲ್ಲ ಕೂಡಿಸಿ ಓದಿ ಹೇಳುವುದು ಅವನ ವಂಶದ ಕಸುಬು. ಅವನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದ, ಇವನು ಮೋಟಾರ್ ಸೈಕಲ್ ಮೇಲೆ ಬಂದ. ಅವನು ಬಂದ ದಿನ ಹೋಳಿಗೆ ಆಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಬೇಳೆ ಕುದಿಸಿ, ಹೂರಣ ರುಬ್ಬಿ, ಇಪ್ಪತ್ತೆರಡು ಮಂದಿಗೆ ಲಟ್ಟಿಸುವವಳು ಮಾತ್ರ ಬಾಳೇಶನ ಹೆಂಡತಿ ತಾರವ್ವ. ಐವತ್ತೈದರ ಆಕೆ ಕುರಿಹಟ್ಟಿ ಬಳಿದು, ನೀರು ತುಂಬಿ, ಅಡಿಗೆ ಮುಗಿಸಿ, ಪಡಸಾಲೆಯಲ್ಲಿ ಕಂಬಳಿ ಹಾಸುವಷ್ಟರಲ್ಲಿ ಹನ್ನೊಂದಾಗಿತ್ತು.

ಹೆಳವ ಪುಸ್ತಕ ಬಿಚ್ಚಿ ಓದಿದ. "ಮಂಗಸೂಳಿಯಿಂದ ನಲವತ್ತ ಕುರಿ ಹೊಡಕೊಂಡ ಬಂದಾವ ಅಮೋಘಸಿದ್ದ. ಕುರಿ ಬೆಳಸಿದಾವ, ಐದ ಎಕರೆ ಹೊಲಾ ಹಿಡದಾವ ಅಮೋಘಸಿದ್ದ. ಅವನ ಮಗ ಜಕ್ಕಪ್ಪ. ಜಕ್ಕಪ್ಪನ ಮಗ ಬಾಳೇಶ."

"ಸತ್ತಾವ ಹೆಂಗ ಹೊಲಾ ಹಿಡದಾನ್ರಿ?" ಅಡಿಗೆಮನೆಯ ಬಾಗಿಲಲ್ಲಿ ನಿಂತ ತಾರವ್ವ ಕೇಳಿದಳು.

ಹೋದ ತಿಂಗಳು ಮಗಳು ಕೋಮಲಳ ಜಾತಿ ಸರ್ಟಿಫಿಕೇಟಿಗೆಂದು ಹಳೆಯ ಕಾಗದಗಳನ್ನು ತೆಗೆಸಿದ್ದರು. ತಾರವ್ವ ರೊಟ್ಟಿ ಬಡಿಯುವಾಗ ಕೋಮಲ ಅವನ್ನು ಓದಿ ಹೇಳಿದ್ದಳು. ಅಮೋಘಸಿದ್ದ ಸತ್ತದ್ದು ೧೯೪೮ರಲ್ಲಿ. ಹೊಲ ಖರೀದಿಯಾದದ್ದು ೧೯೫೩ರಲ್ಲಿ. ಕೊಂಡವರ ಜಾಗದಲ್ಲಿ ಬರೆದದ್ದು: ಅಮೋಘಸಿದ್ದನ ಮಗ ಜಕ್ಕಪ್ಪ, ವಯಸ್ಸು ಹತ್ತು, ಪಾಲನೆ ಮಾಡುವವಳು ಆಯಿ, ಅಂದರೆ ತಾಯಿ. ಅಷ್ಟೇ. ಹತ್ತು ವರ್ಷದ ಮಗನಿಗೆ ಅಪ್ಪನ ಹೆಸರಿನ ಸಮೇತ ಜಾಗವಿತ್ತು. ಐದು ವರ್ಷ ಕುರಿ ಹಿಂದೆ ತಿರುಗಿ ಹೊಲ ಕೊಂಡವಳಿಗೆ ಹೆಸರೇ ಇರಲಿಲ್ಲ.

ಕೋಮಲ ಆ ಕಾಗದ ತಂದು ಹೆಳವನ ಮುಂದಿಟ್ಟಳು.

"ಆತ ತಗೋ, ನಮ್ಮ ವೈನಿ ವಕೀಲ ಆದಳು," ಎಂದ ಬಾಳೇಶನ ತಮ್ಮ ಹಾಲಸಿದ್ದ. ಗಂಡಸರು ನಕ್ಕರು.

"ಆಕಿ ಹೆಸರ ಬರೀರಿ," ಎಂದಳು ತಾರವ್ವ.

"ಬರೀತೀನವ್ವಾ. ಹೆಸರ ಏನ ಹೇಳು?"

ತಾರವ್ವ ಗಂಡನ ಕಡೆ ನೋಡಿದಳು. "ನಿಮ್ಮ ಅಪ್ಪನ ಅವ್ವನ ಹೆಸರ ಏನ್ರಿ?"

ಬಾಳೇಶ ಕತ್ತು ತುರಿಸಿಕೊಂಡ. "ನಾ ಹುಟ್ಟೂದ್ರಾಗ ಸತ್ತಿದ್ಳು. ಎಲ್ಲಾರೂ ಆಯಿ ಅಂತಿದ್ರು."

"ನಾ ಲಗ್ನಾಗಿ ಬಂದ ದಿನಾ ಬಾಗಿಲಾಗ ತಡದು, ಗಂಡನ ಹೆಸರ ಹೇಳಂತ ಹೊತ್ತ ಮುಳುಗೂತನಾ ನಿಲ್ಲಿಸಿದ್ರಿ. ನಿಮಗ ಒಬ್ಬ ಹೆಂಗಸಿನ ಹೆಸರ ಯಾರೂ ಕೇಳಲಿಲ್ಲ ನೋಡ್ರಿ."

"ಬಾಳವ್ವ," ಎಂಬ ದನಿ ಕಂಬದ ಬುಡದಿಂದ ಬಂತು. ಗಂಡನ ಊರು ಭೋಜದಿಂದ ಹಿಂದಿನ ದಿನ ಬಂದಿದ್ದ ಜಕ್ಕಪ್ಪನ ಅಕ್ಕ ಅನುಸೂಯಾ ಅಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆಕೆಗೆ ಎಂಬತ್ತಾರು. "ನಮ್ಮವ್ವನ ಹೆಸರ ಬಾಳವ್ವ. ಆಕಿ ಸತ್ತ ಮರುವರ್ಷ ನೀ ಹುಟ್ಟಿದಿ, ಬಾಳ್ಯಾ. ನಿನಗ ಆಕಿ ಹೆಸರೇ ಇಟ್ಟದ್ದು."

"ಇಷ್ಟ ದಿನಾ ಯಾಕ ಹೇಳಲಿಲ್ಲ ಅತ್ತಿ?" ಎಂದ ಬಾಳೇಶ.

"ಯಾರ ಕೇಳ್ಯಾರ? ಅವ್ವ ಕುರಿ ಹಿಂದ ಹೋದ್ರ ತಿಂಗಳಗಟ್ಟಲೆ ಬರತಿದ್ದಿಲ್ಲ. ಒಂಬತ್ತ ವರ್ಷದಾಕಿ ನಾ ರೊಟ್ಟಿ ಬಡದು ನಿಮ್ಮಪ್ಪನ್ನ ಸಾಕೀನಿ. ನನ್ನ ಹೆಸರೂ ಆ ಕಾಗದದಾಗ ಇಲ್ಲ. ಇಲ್ಲಿಗೆ ಬಂದ್ರ ಬೆಳ್ಳುಳ್ಳಿ ಬುಟ್ಟಿ ಮುಂದ ಇಡತೀರಿ."

ಹೆಳವ ಪುಸ್ತಕ ಮುಚ್ಚಿದ. "ನಮ್ಮಲ್ಲಿ ಗಂಡಸರ ಹೆಸರ ಬರಿಯೂದು ಪದ್ಧತಿ ಐತಿ."

"ಆತೇಳ," ಎಂದ ಬಾಳೇಶ ಹೆಂಡತಿಗೆ. "ಹೊತ್ತಾತು, ಊಟಕ್ಕ ನೀಡು."

ತಾರವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಬರೀಲಿ. ನೀಡತೀನಿ."

ಉಳಿದ ಹೆಂಗಸರೂ ಏಳಲಿಲ್ಲ. ಹೋಳಿಗೆ ಬುಟ್ಟಿ ಆರು ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಿ ಬಡಿಸಿಕೊಳ್ಳಬಹುದು ಎಂಬುದು ಗಂಡಸರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಒಂದು ತಾಸು ಹಾಗೇ ಕೂತರು. ಕೊನೆಗೆ ಹೆಳವ ಏನೋ ಗೀಚಿದ.

ಕೋಮಲ ಬಗ್ಗಿ ನೋಡಿದಳು. "ಅವ್ವಾ, ಅಂಚಿನಾಗ ಬರದಾನ. ಪೆನ್ಸಿಲ್‌ಲೆ."

"ನಿನ್ನ ಪೆನ್ ಕೊಡ ಅವಗ. ಅಮೋಘಸಿದ್ದ ಎಲ್ಲಿ ಅದಾನ, ಆಕಿನೂ ಅಲ್ಲೇ ಬರಬೇಕು. ಅತ್ತಿ ಹೆಸರೂ."

ಹೆಳವ ಬಾಳೇಶನ ಮುಖ ನೋಡಿದ. ಬಾಳೇಶ ಅಡಿಗೆಮನೆಯ ಕಡೆ ನೋಡಿದ. "ಬರಿ ಮಾರಾಯಾ," ಎಂದ. ಅವನನ್ನು ಒಪ್ಪಿಸಿದ್ದು ಅಜ್ಜಿಯಲ್ಲ, ಹೊಟ್ಟೆ.

ಹೆಳವ ಬರೆದ. ಓದು ಎಂದಾಗ ಓದಿದ. "ಅಮೋಘಸಿದ್ದನ ಹೆಂಡತಿ ಬಾಳವ್ವ. ಕುರಿ ಬೆಳಸಿದಾಕಿ, ಹೊಲಾ ಹಿಡದಾಕಿ. ಆಕಿ ಮಗಳು ಅನುಸೂಯಾ, ಮಗ ಜಕ್ಕಪ್ಪ." ಹೊಲ ಹಿಡಿದವನು ಅಮೋಘಸಿದ್ದ ಎಂಬ ಹಳೆಯ ಸಾಲನ್ನು ಹೊಡೆದು ಹಾಕಲು ಮಾತ್ರ ಅವನು ಒಪ್ಪಲಿಲ್ಲ. ಅದೂ ಇರಲಿ, ಇದೂ ಇರಲಿ ಎಂದ.

ತಾರವ್ವ ಎದ್ದು ಮೊದಲ ತಾಟು ಅನುಸೂಯಾಳ ಮುಂದಿಟ್ಟಳು. ಆಮೇಲೆ ಗಂಡಸರಿಗೆ ನೀಡಿದಳು.

"ಹೋಳಿಗೆ ಆರಿ ಕಟಕ್ ಆಗ್ಯಾವಲ್ಲ," ಎಂದ ಬಾಳೇಶ.

ತಾರವ್ವ ಒಲೆ ಹಚ್ಚಲಿಲ್ಲ.